ನಿಮ್ಮ ರಿಂಕು ಸಿಂಗ್ ಲೇಖನದ ಬಗ್ಗೆ

ನಮಸ್ಕಾರ,

ಬೇಸ್‌ಬಾಲ್ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವನು) ರಿಂಕು ಸಿಂಗ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವಂತೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಬಿಡಲು ನನಗೆ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಸಣ್ಣ ತಕರಾರು. ರಿಂಕು ಸಿಂಗ್ ಅಂದ ಕೂಡಲೇ ನಮ್ಮ ಓದುಗರಿಗೆ ನೆನಪಾಗುವುದು ಕೋಲ್ಕತ್ತ ನೈಟ್ ರೈಡರ್ಸ್ ಹುಡುಗ, ಕೊನೆಯ ಓವರಿನಲ್ಲಿ ಐದು ಸಿಕ್ಸರ್ ಬಾರಿಸಿದವನು. ಇವನು ಬೇರೆ ರಿಂಕು ಎಂದು ತಿಳಿಯುವುದು ನಿಮ್ಮ ಎರಡನೇ ಪುಟದಲ್ಲಿ. ಮೊದಲ ಸಾಲಿನಲ್ಲೇ ಹೇಳಿಬಿಡಿ.

ಇನ್ನು ದೊಡ್ಡದು. ನಾಲ್ಕು ಪುಟಗಳಲ್ಲಿ ಮೂರು, ಭಾರತದಲ್ಲಿ ಬೇಸ್‌ಬಾಲ್ ಪಿಚರ್‌ಗಳನ್ನು ಹುಡುಕಿದ 2008ರ 'ಮಿಲಿಯನ್ ಡಾಲರ್ ಆರ್ಮ್' ಸ್ಪರ್ಧೆಗೇ ಹೋಗಿವೆ. ಉತ್ತರ ಪ್ರದೇಶದ ಲಾರಿ ಡ್ರೈವರ್ ಮಗ, ಜಾವೆಲಿನ್ ಎಸೆಯುತ್ತಿದ್ದವನು, ಗಂಟೆಗೆ 87 ಮೈಲಿ ವೇಗದಲ್ಲಿ ಚೆಂಡೆಸೆದು ಒಂದು ಲಕ್ಷ ಡಾಲರ್ ಗೆದ್ದ. ಸರಿ. ಆದರೆ ಇದರ ಮೇಲೆ ಹಾಲಿವುಡ್ ಸಿನಿಮಾನೇ ಬಂದಿದೆ. ಆಮೇಲಿನ ವರ್ಷಗಳನ್ನು 'ನಂತರ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಮೈನರ್ ಲೀಗ್ ತಂಡಗಳಲ್ಲಿ ಆಡಿದರು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಬೇಕಿದ್ದದ್ದೇ ಆ ವರ್ಷಗಳು. ಮೈನರ್ ಲೀಗ್ ಅಂದರೆ ಅಮೆರಿಕದ ಅಗ್ರ ಬೇಸ್‌ಬಾಲ್ ಆದ ಮೇಜರ್ ಲೀಗ್‌ನ ಕೆಳಗಿನ ಹಂತಗಳು ಎಂದೂ ಹೇಳಿಲ್ಲ.

ಸ್ಪರ್ಧೆಯ ಭಾಗದಲ್ಲೂ ಕೇಳಬೇಕಾದ ಪ್ರಶ್ನೆ ಕೇಳಿಲ್ಲ. ಪೈರೇಟ್ಸ್ ಜೊತೆ ಒಪ್ಪಂದ ಆದದ್ದು ಇಬ್ಬರಿಗೆ, ರಿಂಕು ಮತ್ತು ದಿನೇಶ್ ಪಟೇಲ್. ಇಬ್ಬರೂ ಜಾವೆಲಿನ್‌ನವರು. ಕ್ರಿಕೆಟ್ ದೇಶದಲ್ಲಿ ಬೌಲರ್‌ಗಳು ಯಾಕೆ ಗೆಲ್ಲಲಿಲ್ಲ? ಬೌಲರ್ ಚೆಂಡು ಬಿಡುವಾಗ ಮಡಚಿದ ಮೊಣಕೈಯನ್ನು ಝಾಡಿಸಿ ನೇರ ಮಾಡುವಂತಿಲ್ಲ. ಪಿಚರ್ ಮೊಣಕೈ ಮಡಚಿ, ಭುಜದ ಮೇಲಿಂದ ಬೀಸಿ ಎಸೆಯುತ್ತಾನೆ. ಜಾವೆಲಿನ್‌ನದೂ ಹೆಚ್ಚುಕಡಿಮೆ ಅದೇ ಚಲನೆ. ನಿಮ್ಮ 'ಉಕ್ಕಿನ ಭುಜ', 'ದೈವದತ್ತ ಪ್ರತಿಭೆ' ಎಲ್ಲ ತೆಗೆದು ಇದನ್ನು ಹಾಕಿ.

'ಬಲಿಷ್ಠ ಯಾಂಕೀಸ್ ತಂಡವನ್ನು ಏಕಾಂಗಿಯಾಗಿ ಮಣಿಸಿದ' ಎಂದು ಬರೆದಿದ್ದೀರಲ್ಲ, ಅದು ತಪ್ಪು. 2009ರ ಜುಲೈನಲ್ಲಿ ಅವನು ಗೆದ್ದದ್ದು ಗಲ್ಫ್ ಕೋಸ್ಟ್ ಲೀಗ್‌ನ ಯಾಂಕೀಸ್ ವಿರುದ್ಧ. ನ್ಯೂಯಾರ್ಕ್ ಯಾಂಕೀಸ್ ಸಂಸ್ಥೆಯ ಕೆಳಹಂತದ ಹುಡುಗರ ತಂಡ ಅದು. ಅಂದು ಅವನು ಎದುರಿಸಿದ್ದು ಒಬ್ಬನೇ ಬ್ಯಾಟರ್‌ನನ್ನು. ಅವನನ್ನು ಔಟ್ ಮಾಡಿದ, ಗೆಲುವು ಇವನ ಹೆಸರಿಗೆ ಬಂತು. ತಂಡ ಕೊನೆಯವರೆಗೂ ಉಳಿಸಿಕೊಳ್ಳುವ ಮುನ್ನಡೆ ಪಡೆದಾಗ, ಅದಕ್ಕೆ ತುಸು ಮುಂಚೆ ಕೊನೆಯದಾಗಿ ಎಸೆದಿದ್ದ ಪಿಚರ್‌ಗೆ ಸಾಮಾನ್ಯವಾಗಿ ಗೆಲುವು ಸೇರುವುದು ಬೇಸ್‌ಬಾಲ್ ನಿಯಮ. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಭಾರತೀಯನ ಮೊದಲ ಗೆಲುವು ಬಂದದ್ದು ಹೀಗೆ. ನಿಮ್ಮ ಏಕಾಂಗಿ ವೀರನಿಗಿಂತ ಇದು ಎಷ್ಟೋ ಚೆನ್ನಾಗಿದೆ, ಅಲ್ವಾ?

ಆ ಲೀಗ್ ಹೇಗಿರುತ್ತಿತ್ತು ಅಂತ ಬರೆಯಿರಿ. ಫ್ಲಾರಿಡಾದ ಬ್ರಾಡೆಂಟನ್‌ನಲ್ಲಿ ಪೈರೇಟ್ಸ್‌ನ ತರಬೇತಿ ಮೈದಾನಗಳು. ಸುಡುವ ಮಧ್ಯಾಹ್ನದಲ್ಲಿ ಪಂದ್ಯ, ನೋಡುವವರು ಬೆರಳೆಣಿಕೆಯಷ್ಟು ಜನ. ಕೆಳಹಂತದ ಆಟಗಾರನಿಗೆ ಆಗ ತಿಂಗಳಿಗೆ ಸಾವಿರ ಡಾಲರ್ ಆಸುಪಾಸು, ಅದೂ ಸೀಸನ್ ನಡೆಯುವಾಗ ಮಾತ್ರ. ಮೊದಲ ವರ್ಷ ಅವನ ಇಆರ್‌ಎ 5.84. ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಆರು ರನ್ ಹತ್ತಿರ ಕೊಟ್ಟ ಹಾಗೆ. ಮರುವರ್ಷ ಅದು 2.61ಕ್ಕೆ ಇಳಿಯಿತು. ನಡುವೆ ಏನು ಕಲಿತ? 2011ರಲ್ಲಿ ವೆಸ್ಟ್ ವರ್ಜೀನಿಯಾ ಪವರ್ ತಂಡದವರೆಗೆ ಏರಿದ. ಅದು ಒಂದು ಮೆಟ್ಟಿಲು ಮಾತ್ರ, ಅಲ್ಲಿಂದ ಮೇಜರ್ ಲೀಗ್‌ಗೆ ಇನ್ನೂ ಹಲವು ಮೆಟ್ಟಿಲುಗಳಿದ್ದವು ಎಂಬುದನ್ನೂ ಹೇಳಿ.

ಅವನು ಎಡಗೈ ಪಿಚರ್ ಎಂಬುದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ! ಎಡಗೈ ಬ್ಯಾಟರ್‌ಗಳ ಎದುರು ಇಳಿಸಲು ಎಡಗೈಯವರನ್ನು ತಂಡಗಳು ಹುಡುಕುತ್ತಲೇ ಇರುತ್ತವೆ. ಅವನ ಬೆಲೆಯ ದೊಡ್ಡ ಭಾಗ ಅಲ್ಲಿತ್ತು.

ಕೊನೆಯನ್ನು ನೀವು ಬಚ್ಚಿಟ್ಟಿದ್ದೀರಿ. ದಿನೇಶ್‌ನನ್ನು ತಂಡ 2010ರಲ್ಲೇ ಬಿಟ್ಟಿತು. ರಿಂಕುಗೆ ಗಾಯಗಳಾದವು, ಮೊಣಕೈಯ ಹರಿದ ಅಸ್ಥಿರಜ್ಜು ಸರಿಪಡಿಸುವ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಯಿತು, ಮೇಜರ್ ಲೀಗ್ ಸಿಗಲೇ ಇಲ್ಲ. 2018ರಲ್ಲಿ ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಹೋದ. 'ಕನಸು ನನಸಾಯಿತು' ಎಂದು ಮುಗಿಸಿದರೆ ಓದುಗರು ಎರಡು ನಿಮಿಷದಲ್ಲಿ ಗೂಗಲ್ ಮಾಡಿ ನಗುತ್ತಾರೆ.

ಸ್ಪರ್ಧೆಗೆ ಒಂದು ಪ್ಯಾರಾ ಸಾಕು. ಬ್ರಾಡೆಂಟನ್‌ನಿಂದ ಶುರು ಮಾಡಿ, ಎಂಟುನೂರು ಪದ ದಾಟಬೇಡಿ. ನಿಮ್ಮ ವಾಕ್ಯಗಳು ಚುರುಕಾಗಿವೆ, ಹಾಗಾಗಿ ತಿದ್ದಿದ ಪ್ರತಿಯನ್ನು ನಾನೇ ಓದುತ್ತೇನೆ.

– ಸಂಪಾದಕ