ಫಾಲೋವರ್ಸ್ ಬಂದ್ರು, ಆರ್ಡರ್ ಬರ್ಲಿಲ್ಲ

ಪ್ರಶ್ನೆ: ನಾ ವಿಜಯಪುರ ಕಡೆಯಾಕಿ ರೀ, 12 ವರ್ಷ ಆತು ಪುಣೆದಾಗ ಅದೀವಿ. ಮನ್ಯಾಗ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡಿ ಮಾರ್ತೀನಿ. ಮಗ ಹೇಳ್ದ ಅಂತ ಇನ್‌ಸ್ಟಾಗ್ರಾಮ್ ಪೇಜ್ ತೆಗದ್ವಿ, ಒಂದು ರೀಲ್‌ಗೆ 2,000 ಹಾಕಿ ಬೂಸ್ಟ್ ಮಾಡಿದ್ವಿ (ರೊಕ್ಕ ಕೊಟ್ಟು ಹೆಚ್ಚ ಮಂದಿಗೆ ತೋರ್ಸೂದು), 40,000 ಮಂದಿ ನೋಡ್ಯಾರ, ಆರ್ಡರ್ ಬಂದಿದ್ದು ಮೂರ. ಈಗ ಒಬ್ಬಾಂವ ತಿಂಗಳಿಗೆ 8,000 ಕೊಡ್ರಿ, 10,000 ಫಾಲೋವರ್ಸ್ ತಂದುಕೊಡ್ತೀನಿ ಅಂತಾನ. ಕೊಡಬೇಕೋ ಬ್ಯಾಡೋ?
(ಓದುಗರು, ಹಡಪ್ಸರ್)

ಉತ್ತರ: ಬೇಡ ಅಕ್ಕಾ, ಆ 8,000 ಕೊಡ್ಲೇಬೇಡಿ. ಹೀಗೆ ದುಡ್ಡಿಗೆ ತಂದುಕೊಡೋ ಫಾಲೋವರ್ಸ್‌ನಲ್ಲಿ ಹೆಚ್ಚಿನವು ಖಾಲಿ ಅಕೌಂಟು, ನಿಮ್ಮ ರೀಲ್‌ಗೆ ಲೈಕೂ ಹಾಕಲ್ಲ ಕಾಮೆಂಟೂ ಮಾಡಲ್ಲ, ಆಗ ಈ ಪೇಜ್ ಯಾರಿಗೂ ಬೇಡ ಅಂತ ಲೆಕ್ಕ ಹಾಕಿ ಇನ್‌ಸ್ಟಾಗ್ರಾಮ್ ನಿಜವಾದ ಗಿರಾಕಿಗೂ ತೋರ್ಸೋದು ಕಡಿಮೆ ಮಾಡುತ್ತೆ.

ಇನ್ನು ಆ 2,000. ಬೂಸ್ಟ್ ಒತ್ತಿದಾಗ ಯಾರಿಗೆ ತೋರ್ಸಬೇಕು ಅನ್ನೋ ಕಡೆ ಆಟೋಮ್ಯಾಟಿಕ್ ಅಂತ ಬಿಟ್ಟಿರಬೇಕು ನೀವು. ರೀಲ್‌ನ ಲೆಕ್ಕ ತೋರ್ಸೋ ಇನ್‌ಸೈಟ್ಸ್ ತೆಗೆದು ನೋಡಿ, ನೋಡಿದವರು ಯಾವ್ಯಾವ ಊರಿನವರು ಅಂತ ಅಲ್ಲೇ ಇರುತ್ತೆ. ಪೇಪರ್ ಒಳಗೆ ಪಾಂಪ್ಲೆಟ್ ಇಟ್ಟು ಹಂಚಿದ್ರೆ ಯಾರು ಓದಿದ್ರು ಯಾರು ಎಸೆದ್ರು ಗೊತ್ತಾಗಲ್ಲ, ಇಲ್ಲಿ ಗೊತ್ತಾಗುತ್ತೆ, ಸೋಷಿಯಲ್ ಮೀಡಿಯಾದಲ್ಲಿ ನನಗೆ ಕಾಣೋ ದೊಡ್ಡ ಅನುಕೂಲ ಅದೇ. ಮುಂದಿನ ಸಲ ಹಡಪ್ಸರ್, ಮಗರ್‌ಪಟ್ಟಾ, ಖರಾಡಿ ಇಷ್ಟೇ ಏರಿಯಾ ಹಾಕಿ, ಗುರಿ ಏನು ಅಂತ ಕೇಳಿದಲ್ಲಿ ಪ್ರೊಫೈಲ್ ವಿಸಿಟ್ ಬಿಟ್ಟು ಮೆಸೇಜ್ ಆರಿಸಿ, 300-400 ರೂಪಾಯಿ ಹಾಕಿ ಮೊದ್ಲು ನೋಡಿ.

ರೀಲ್‌ಗೆ ಸಿನಿಮಾ ಹಾಡು, ಕುಣಿಯೋ ಅಕ್ಷರ ಏನೂ ಬೇಕಾಗಿಲ್ಲ. ನೀವು ಎರಡೂ ಕೈಲಿ ರೊಟ್ಟಿ ತಟ್ಟೋ ಸದ್ದು, ಹಂಚಿನ ಮೇಲೆ ನೀರು ಸವರಿದಾಗ ಬರೋ ಆ ಚುಂಯ್ ಸದ್ದು, ಕೊನೆಗೆ ಒಣಗಿದ ರೊಟ್ಟಿ ಕಟಕ್ ಅಂತ ಮುರಿಯೋದು, ಇಷ್ಟೇ 15 ಸೆಕೆಂಡ್ ಸಾಕು. ಕೆಳಗೆ ಪಾಕೀಟಿಗೆ ಎಷ್ಟು ರೊಟ್ಟಿ, ಎಷ್ಟು ರೂಪಾಯಿ, ಎಷ್ಟು ದಿನ ಇಡಬಹುದು, ಎಲ್ಲಿವರೆಗೆ ತಂದುಕೊಡ್ತೀರಿ ಎಲ್ಲಾ ಬರೀರಿ. ರೇಟಿಗೆ ಮೆಸೇಜ್ ಮಾಡಿ ಅಂತ ಬರೆಯೋ ಅಭ್ಯಾಸ ನನಗೆ ಒಂಚೂರೂ ಹಿಡಿಸಲ್ಲ, ಕೇಳೋಕೆ ಸಂಕೋಚಪಟ್ಟು ಎಷ್ಟೋ ಜನ ಅಲ್ಲಿಂದಲೇ ಮುಂದೆ ಹೋಗಿಬಿಡ್ತಾರೆ. ಮನೆಯಲ್ಲೇ ಮಾಡಿ ಮಾರಿದ್ರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ರಿಜಿಸ್ಟ್ರೇಷನ್ ಬೇಕು, ಆ 14 ಅಂಕಿ ನಂಬರ್ ಪಾಕೀಟಿನ ಮೇಲೂ ಪೇಜಲ್ಲೂ ಹಾಕಿ, ಗುರುತಿಲ್ಲದವರಿಗೆ ಅದೇ ಧೈರ್ಯ.

ಈಗ ಮುಖ್ಯ ಮಾತು. ಆ ಮೂರು ಆರ್ಡರ್ ಕೊಟ್ಟವರ ನಂಬರ್ ಬರೆದಿಟ್ಟಿದೀರಾ? ಡೊಂಬಿವಲಿಲಿ ನನಗೆ ಪರಿಚಯದ ಒಬ್ರು ಟಿಕ್‌ಟಾಕಲ್ಲಿ ಸೀರೆ ತೋರಿಸಿ ಮಾರ್ತಿದ್ರು, ಚೆನ್ನಾಗೇ ನಡೀತಿತ್ತು. 2020ರ ಜೂನ್ 29ಕ್ಕೆ ಸರ್ಕಾರ ಟಿಕ್‌ಟಾಕ್ ಬ್ಯಾನ್ ಮಾಡ್ತು, ಅಷ್ಟೂ ಗಿರಾಕಿಗಳಲ್ಲಿ ಒಬ್ಬರ ನಂಬರೂ ಅವರ ಹತ್ರ ಇರ್ಲಿಲ್ಲ, ಕಟ್ಟಿಟ್ಟ ಸೀರೆ ಮುಂದೆ ಸುಮ್ಮನೆ ಕೂತಿದ್ದನ್ನ ನಾನೇ ನೋಡಿದೀನಿ. 2018ರ ಜನವರಿಯಲ್ಲಿ ಫೇಸ್‌ಬುಕ್‌ನವರು ಇನ್ನು ಮೇಲೆ ಮನೆಯವರ, ಸ್ನೇಹಿತರ ಪೋಸ್ಟ್ ಮೊದಲು, ವ್ಯಾಪಾರದ ಪೇಜ್ ಆಮೇಲೆ ಅಂದ್ರು, ದುಡ್ಡು ಹಾಕದೇ ಸಿಗ್ತಿದ್ದ ಜನ ಕಡಿಮೆ ಆದ್ರು. 2021ರ ಅಕ್ಟೋಬರ್ 4ಕ್ಕೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಸುಮಾರು 6 ತಾಸು ಬಂದ್ ಬಿದ್ದಿದ್ದು ನಿಮಗೂ ನೆನಪಿರಬಹುದು. ಪೇಜ್ ನಿಮ್ಮದಾದ್ರೂ ಕೀಲಿಕೈ ಅವರ ಕೈಲಿದೆ ಅಕ್ಕಾ. ಅದಕ್ಕೆ ಒಂದು 200 ಪೇಜಿನ ನೋಟ್‌ಬುಕ್ ತಗೊಳ್ಳಿ, ಹೆಸರು, ನಂಬರ್, ಬಿಲ್ಡಿಂಗ್, ಏನು ತಗೊಂಡ್ರು, ಯಾವತ್ತು ತಗೊಂಡ್ರು ಬರೀರಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ, ಅಂದ್ರೆ ಒಂದೇ ಮೆಸೇಜ್ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗೋ ಪಟ್ಟಿ, ಒಂದು ಲಿಸ್ಟಿಗೆ 256 ಜನ ಹಿಡೀತಾರೆ, ಆದ್ರೆ ನಿಮ್ಮ ನಂಬರ್ ಸೇವ್ ಮಾಡ್ಕೊಂಡವರಿಗೆ ಮಾತ್ರ ಅದು ಹೋಗೋದು, ಪಾಕೀಟು ಕೊಡೋವಾಗಲೇ ಸೇವ್ ಮಾಡ್ಕೊಳ್ಳಿ ಅಂತ ಹೇಳಿ. ವಾರಕ್ಕೊಂದೇ ಮೆಸೇಜ್, ಜಾಸ್ತಿ ಕಳಿಸಿದ್ರೆ ಬ್ಲಾಕ್ ಮಾಡ್ತಾರೆ.

ಪ್ರಶ್ನೆ: ಮುಲುಂಡ್‌ನಲ್ಲಿ ನಮ್ಮದು ಸಣ್ಣ ಉಡುಪಿ ಹೋಟೆಲ್. ರೀಲ್ ಮಾಡೋ ಹುಡುಗ ಒಬ್ಬ 15,000 ಮತ್ತು ನಾಲ್ಕು ಜನಕ್ಕೆ ಊಟ ಕೇಳ್ತಿದ್ದಾನೆ.

ಉತ್ತರ: ಅಣ್ಣಾ, ಮೊದಲು ಅವನ ಹಳೇ ರೀಲ್‌ಗಳ ಕಾಮೆಂಟ್ ಓದಿ, ಮುಲುಂಡ್, ಠಾಣೆ, ಭಾಂಡುಪ್ ಜನ ಇದು ಎಲ್ಲಿ ಅಂತ ಕೇಳಿದ್ದಾರಾ ನೋಡಿ. ಅವನು ಹೋಗಿ ಬಂದ ಇನ್ನೊಂದು ಹೋಟೆಲ್‌ನವರಿಗೆ ಫೋನ್ ಮಾಡಿ ಕೇಳಿ. ದುಡ್ಡಾಗ್ಲಿ ಪುಕ್ಕಟೆ ಊಟ ಆಗ್ಲಿ ತಗೊಂಡ್ರೆ ಇದು ಜಾಹೀರಾತು ಅಂತ ರೀಲ್‌ನಲ್ಲೇ ತೋರಿಸಬೇಕು, 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಇದನ್ನ ಸ್ಪಷ್ಟ ಹೇಳಿದೆ, ದಾರಿತಪ್ಪಿಸೋ ಜಾಹೀರಾತಿಗೆ ಮೊದಲ ಸಲಕ್ಕೇ 10 ಲಕ್ಷದವರೆಗೆ ದಂಡ ಇದೆ. ನಾನಾದ್ರೆ ಆ ದುಡ್ಡು ಈಗ ಕೊಡಲ್ಲ. ಸ್ಟೇಷನ್‌ನಿಂದ ಇಳಿದು ಹಸಿವಾದವರು ಗೂಗಲ್ ಮ್ಯಾಪ್ ನೋಡ್ತಾರೆ, ಅಲ್ಲಿ ನಿಮ್ಮ ಟೈಮಿಂಗ್ ಸರಿ ಇದೆಯಾ, ಮೆನು ಫೋಟೋ ಈಗಿನ ರೇಟಿನದಾ, ಸೋಮವಾರ ರಜೆ ಇದ್ರೆ ಹಾಕಿದೀರಾ, ಇದೆಲ್ಲ ಪುಕ್ಕಟೆ ಆಗೋ ಕೆಲಸ, ಇವತ್ತೇ ಮಾಡಿ.

ಪ್ರಶ್ನೆ: ವಾಸ್ಕೋದಲ್ಲಿ ಟೇಲರಿಂಗ್ ಅಂಗಡಿ ಇಟ್ಟಿದೀನಿ. ಬ್ಲೌಸ್ ಹಾಳು ಮಾಡಿದ್ರು ಅಂತ ಒಬ್ರು ನಮ್ಮ ಪೇಜಲ್ಲಿ ಬರೆದಿದ್ದಾರೆ, ಡಿಲೀಟ್ ಮಾಡ್ಲಾ?

ಉತ್ತರ: ಬೈಗುಳ ಇದ್ರೆ ತೆಗೀರಿ, ದೂರು ಅಷ್ಟೇ ಆದ್ರೆ ಇರ್ಲಿ. ತಪ್ಪಾಗಿದೆ ತಂಗಿ, ಬಟ್ಟೆ ತಗೊಂಡು ಬನ್ನಿ ಸರಿಮಾಡಿ ಕೊಡ್ತೀನಿ ಅಂತ ಎಲ್ಲರಿಗೂ ಕಾಣೋ ಹಾಗೆ ಅಲ್ಲೇ ಒಂದು ಸಾಲು ಬರೀರಿ, ಉಳಿದ ಮಾತು ಫೋನಲ್ಲಿ ಆಗಲಿ. ಸರಿಯಾದ ಮೇಲೆ ಅವರಾಗೇ ಏನಾದ್ರೂ ಬರೆದ್ರೆ ಸಂತೋಷ, ನೀವಾಗಿ ಕೇಳೋಕೆ ಹೋಗ್ಬೇಡಿ.