ವಿನಿತಾಲಿ ವೈನ್ ಮೇಳಕ್ಕೆ ಮೊದಲ ಸಲ ಹೋಗುತ್ತಿದ್ದೇನೆ. ಅಷ್ಟೊಂದು ಇಟಾಲಿಯನ್ ವೈನ್‌ಗಳಲ್ಲಿ ಯಾವುದನ್ನು, ಹೇಗೆ ರುಚಿ ನೋಡಲಿ?

ಎಲ್ಲವನ್ನೂ ನೋಡುವ ಆಸೆ ಮೊದಲು ಬಿಡಿ. ಇಟಲಿಯ ವೆರೋನಾ ನಗರದಲ್ಲಿ 1967ರಲ್ಲಿ ಶುರುವಾದ ಈ ಮೇಳಕ್ಕೆ ಈಗ ಸಾವಿರಾರು ತಯಾರಕರು ಬರುತ್ತಾರೆ. ಹಾಲ್‌ಗಳು ಹೆಚ್ಚಾಗಿ ಪ್ರಾಂತ್ಯವಾರು ಇರುತ್ತವೆ. ದಿನಕ್ಕೆ ಎರಡು ಪ್ರಾಂತ್ಯ ಸಾಕು. ಅಂದಹಾಗೆ, ಒಳಗೆ ಪ್ರವೇಶ ವೈನ್ ವ್ಯಾಪಾರದಲ್ಲಿ ಇರುವವರಿಗೆ ಮಾತ್ರ. ಸುಮ್ನೆ ಕುತೂಹಲಕ್ಕೆ ಹೋಗುವವರಿಗೆ ಊರೊಳಗೆ ಬೇರೆ ಕಾರ್ಯಕ್ರಮ ಇರುತ್ತದೆ.

ನಾನಾದರೆ ಪಿಯೆಮೊಂಟೆ ಪ್ರಾಂತ್ಯದ ಬಾರೋಲೊ ಎಂಬ ಕೆಂಪು ವೈನ್‌ನಿಂದ ಶುರು ಮಾಡುತ್ತೇನೆ. ನೆಬ್ಬಿಯೋಲೊ ದ್ರಾಕ್ಷಿಯದು. ಬಣ್ಣ ತೆಳು, ಆದರೆ ಮೋಸ ಹೋಗಬೇಡಿ: ನೇರಳೆ ಹಣ್ಣು ತಿಂದ ಹಾಗೆ ನಾಲಿಗೆಯೆಲ್ಲ ಒಗರು. ಕನಿಷ್ಠ 38 ತಿಂಗಳು ಹಳತಾಗದೆ ಅದು ಮಾರುಕಟ್ಟೆಗೆ ಬರುವಂತಿಲ್ಲ.

ವೆರೋನಾದ ಪಕ್ಕದ್ದೇ ಆದ ಅಮರೋನೆ ಎಂಬ ಕೆಂಪು ವೈನನ್ನು ಕೊನೆಗೆ ಇಟ್ಟುಕೊಳ್ಳಿ. ಅದನ್ನು ಮಾಡುವ ವಾಲ್ಪೊಲಿಚೆಲ್ಲಾ ಪ್ರದೇಶದಲ್ಲಿ ದ್ರಾಕ್ಷಿ ಕಿತ್ತು ಮೂರ್ನಾಲ್ಕು ತಿಂಗಳು ಒಣಗಿಸಿ ಆಮೇಲೆ ಹಿಂಡುತ್ತಾರೆ. ನೀರು ಆರಿದಷ್ಟೂ ಸಕ್ಕರೆ ಜಾಸ್ತಿ. ಹುದುಗುವಾಗ ಆ ಸಕ್ಕರೆ ಬಹುಪಾಲು ಆಲ್ಕೋಹಾಲ್ ಆಗುತ್ತದೆ. ಹಾಗಾಗಿ ಒಣದ್ರಾಕ್ಷಿಯ ಘಮ ಇದ್ದರೂ ವೈನ್ ಸಿಹಿಯಲ್ಲ, ಶೇ. 15-16ರ ಗಟ್ಟಿ ಸರಕು. ಇದನ್ನು ಮೊದಲೇ ಕುಡಿದರೆ ಉಳಿದದ್ದೆಲ್ಲ ಸಪ್ಪೆ ಅನಿಸುತ್ತದೆ.

ಬಾಯಲ್ಲಿ ಆಡಿಸಿ ಉಗುಳಿಬಿಡಿ. ಅಲ್ಲಿ ಅದು ಅಸಭ್ಯವಲ್ಲ, ಅದಕ್ಕೇ ಪಾತ್ರೆ ಇಟ್ಟಿರುತ್ತಾರೆ.