ಫ್ರೀಜರ್ ಟರ್ರ್ ಅಂದ್ರೆ ಕಂಪ್ರೆಸರ್ ಹೋಯ್ತು ಅಂತಲ್ಲ

ಪ್ರಶ್ನೆ: ಸರ್, ನಮ್ಮದು ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಜ್, ತಗೊಂಡು ಐದಾರು ವರ್ಷ ಆಗಿರಬೇಕು. ಈ ಮಳೆಗಾಲ ಶುರುವಾದಾಗಿಂದ ಮೇಲ್ಗಡೆ ಫ್ರೀಜರ್ ಒಳಗಿಂದ ಟರ್ರ್ ಟರ್ರ್ ಅಂತ ಸೌಂಡು, ಹಾಲ್‌ನಲ್ಲಿ ಮಲಗೋ ನಮ್ಮತ್ತೆಗೆ ರಾತ್ರಿ ನಿದ್ದೆನೇ ಇಲ್ಲ. ಬಾಗಿಲು ತೆಗೆದ ತಕ್ಷಣ ನಿಂತೋಗತ್ತೆ, ಹಾಕಿ ಸ್ವಲ್ಪ ಹೊತ್ತಿಗೆ ಮತ್ತೆ ಶುರು. ಐಸ್ ಆಗ್ತಿದೆ, ಆದ್ರೆ ಕೆಳಗಡೆ ತರಕಾರಿ ಮೊದಲಿನಷ್ಟು ತಂಪಾಗ್ತಿಲ್ಲ. ರಿಪೇರಿಯವರು ಬಂದು ಎರಡು ನಿಮಿಷ ಕಿವಿಗೊಟ್ಟು ಕೇಳಿ ಕಂಪ್ರೆಸರ್ ಹೋಗಿದೆ, ಹೊಸದು ಹಾಕ್ಬೇಕು ಅಂದ್ರು. ಹಾಕಿಸೋದಾ? – ಓದುಗರು, ಪುತ್ತೂರು

ಉತ್ತರ: ಈಗಲೇ ಬೇಡ ಮೇಡಂ. ನೀವು ಬರೆದಿರೋದ್ರಲ್ಲೇ ಉತ್ತರ ಇದೆ, ಬಾಗಿಲು ತೆಗೆದ್ರೆ ಸೌಂಡ್ ನಿಲ್ಲತ್ತೆ ಅಂದ್ರಲ್ಲ, ಅದೇ. ಕಂಪ್ರೆಸರ್ ಇರೋದು ಫ್ರಿಜ್ ಹಿಂದುಗಡೆ ಕೆಳಗೆ, ನೀವು ಬಾಗಿಲು ತೆಗೆದ್ರೂ ಹಾಕಿದ್ರೂ ಅದರ ಪಾಡಿಗೆ ಅದು ಓಡ್ತಾ ಇರತ್ತೆ. ಬಾಗಿಲು ತೆಗೆದಾಗ ನಿಲ್ಲೋದು ಫ್ರೀಜರ್‌ನ ಹಿಂದಿನ ಪ್ಲಾಸ್ಟಿಕ್ ಪ್ಯಾನೆಲ್ ಒಳಗಿರೋ ಸಣ್ಣ ಫ್ಯಾನು. ಅನುಮಾನ ಇದ್ರೆ ಬಾಗಿಲು ತೆಗೆದಿಟ್ಕೊಂಡೇ, ಚೌಕಟ್ಟಲ್ಲಿರೋ ಡೋರ್ ಸ್ವಿಚ್ಚನ್ನ ಬೆರಳಲ್ಲಿ ಒತ್ತಿ ಹಿಡೀರಿ, ಟರ್ರ್ ಅಂತ ಶುರುವಾದ್ರೆ ಕಳ್ಳ ಸಿಕ್ಕಿಬಿದ್ದ ಹಾಗೇನೇ.

ಆ ಪ್ಯಾನೆಲ್ ಹಿಂದೆ ಕೂಲಿಂಗ್ ಕಾಯಿಲ್ ಇರತ್ತೆ, ಅದರ ತಂಪನ್ನ ಫ್ರೀಜರ್‌ಗೂ ಕೆಳಗಿನ ಭಾಗಕ್ಕೂ ದೂಡೋದು ಈ ಫ್ಯಾನ್ ಕೆಲಸ. ಕಾಯಿಲ್ ಮೇಲೆ ಐಸ್ ಕಟ್ಟಿ ಕಟ್ಟಿ ಫ್ಯಾನಿನ ರೆಕ್ಕೆ ತನಕ ಬಂದಾಗ ರೆಕ್ಕೆ ಐಸಿಗೆ ತಾಗಿ ಈ ಥರ ಕೂಗತ್ತೆ, ಗಾಳಿ ದಾರಿನೂ ಮುಚ್ಚೋದ್ರಿಂದ ಕೆಳಗಡೆ ತರಕಾರಿ ತಂಪಾಗಲ್ಲ, ನಿಮ್ಮ ಎರಡೂ ಕಂಪ್ಲೇಂಟಿಗೆ ಕಾರಣ ಒಂದೇ ಅನ್ನಿಸ್ತಿದೆ. ಐಸ್ ಆಗ್ತಿದೆ ಅಂದ್ಮೇಲೆ ಕಂಪ್ರೆಸರ್ ಕೆಲಸ ಮಾಡ್ತಾನೇ ಇದೆ. ಹೊರಗೆ ನಿಂತು ಎರಡು ನಿಮಿಷ ಕೇಳಿ ಇಷ್ಟು ದೊಡ್ಡ ಖರ್ಚಿನ ಮಾತಾಡೋದು ನಂಗಂತೂ ಸರಿ ಅನ್ಸಲ್ಲ.

ಈಗ ಮಾಡ್ಬೇಕಾದ್ದು, ಪ್ಲಗ್ ಪೂರ್ತಿ ಕಿತ್ತು, ಒಳಗಿರೋದನ್ನೆಲ್ಲ ಖಾಲಿ ಮಾಡಿ (ಮೀನು ಇದ್ರೆ ಪಕ್ಕದ ಮನೆ ಫ್ರಿಜ್ಜಲ್ಲಿ ಜಾಗ ಕೇಳಿ, ಇಲ್ಲಾಂದ್ರೆ ಅವತ್ತೇ ಸಾರು ಮಾಡಿ), ಎರಡೂ ಬಾಗಿಲು ತೆಗೆದು ಒಂದು ರಾತ್ರಿ ಪೂರ್ತಿ ಬಿಡಿ. ಮುಂದುಗಡೆ ಹಳೇ ಟವಲ್ ಹಾಸಿ, ಹಿಂದೆ ಕೆಳಗಿನ ಟ್ರೇ ತುಂಬಿ ಹರಿಯಬಹುದು, ಅದನ್ನೂ ನೋಡ್ಕೊಳ್ಳಿ. ಬೇಗ ಆಗ್ಲಿ ಅಂದ್ರೆ ಟೇಬಲ್ ಫ್ಯಾನ್ ತಿರುಗಿಸಿಡಿ ಸಾಕು. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯೋದು ಮಾತ್ರ ಬೇಡವೇ ಬೇಡ, ಒಳಗಿನ ಪೈಪು ತೆಳು, ತೂತಾದ್ರೆ ಗ್ಯಾಸ್ ಹೊರಟೋಗತ್ತೆ, ಈಗಿನ ಸುಮಾರು ಫ್ರಿಜ್‌ಗಳಲ್ಲಿ ಇರೋದು ಆರ್600ಎ, ಅಂದ್ರೆ ಐಸೋಬ್ಯುಟೇನ್, ಬೆಂಕಿ ಹತ್ಕೊಳ್ಳೋ ಗ್ಯಾಸು. ಬೆಳಿಗ್ಗೆ ಒರೆಸಿ, ಒಣಗಿಸಿ, ಆಮೇಲೆ ಪ್ಲಗ್ ಹಾಕಿ.

ಮುಂದೆ ಏನಾಗತ್ತೆ ಅನ್ನೋದ್ರ ಮೇಲೆ ರಿಪೇರಿ ಗೊತ್ತಾಗತ್ತೆ. ಐಸ್ ಪೂರ್ತಿ ಕರಗಿದ್ಮೇಲೂ ಸೌಂಡ್ ಹಾಗೇ ಇದ್ರೆ ಫ್ಯಾನ್ ಮೋಟರ್ ಸವೆದಿದೆ ಅಥವಾ ರೆಕ್ಕೆ ಒಡೆದಿದೆ, ಅದನ್ನಷ್ಟೇ ಬದಲಾಯಿಸಿದ್ರೆ ಆಯ್ತು, ಗ್ಯಾಸ್ ಮುಟ್ಟೋ ಕೆಲಸನೇ ಇಲ್ಲ. ನಿಂತು ಒಂದೆರಡು ವಾರದಲ್ಲಿ ಮತ್ತೆ ಬಂದ್ರೆ ಡೀಫ್ರಾಸ್ಟ್ ಕಡೆ ತೊಂದರೆ. ಫ್ರಾಸ್ಟ್ ಫ್ರೀ ಅಂದ್ರೆ ಐಸೇ ಕಟ್ಟಲ್ಲ ಅಂತಲ್ಲ, ಆಗಾಗ ಒಂದು ಹೀಟರ್ ತಾನೇ ಆನ್ ಆಗಿ ಕಾಯಿಲ್ ಮೇಲಿನ ಐಸನ್ನ ಕರಗಿಸತ್ತೆ, ಆ ನೀರು ಒಂದು ಸಣ್ಣ ತೂತಿಂದ ಹಿಂದಿನ ಟ್ರೇಗೆ ಇಳಿಯತ್ತೆ. ಹೀಟರ್ ಸುಟ್ಟಿದ್ರೆ, ಸೆನ್ಸರ್ ಕೆಟ್ಟಿದ್ರೆ, ಆ ತೂತು ಕಟ್ಕೊಂಡಿದ್ರೆ ಐಸ್ ಉಳ್ಕೊಂಡು ಬೆಳೀತಾ ಹೋಗತ್ತೆ. ಮೆಕ್ಯಾನಿಕ್ ಬಂದಾಗ ಹೀಟರ್ ಮತ್ತೆ ಸೆನ್ಸರನ್ನ ಮೀಟರ್ ಹಿಡಿದು ಚೆಕ್ ಮಾಡಿ ಅಂತ ಕೇಳಿ.

ಇನ್ನು ಸೌಂಡ್ ತಿಂಗಳಾನುಗಟ್ಟಲೆ ಬಿಟ್ಟು ಮತ್ತೆ ಬಂದ್ರೆ ಬಾಗಿಲಿನ ರಬ್ಬರ್ ನೋಡಿ. ನಿಮ್ಮ ಕಡೆ ಮಳೆಗಾಲದ ಗಾಳಿಲಿ ನೀರಂಶ ಎಷ್ಟಿರತ್ತೆ ಅಂತ ನಾನು ಹೇಳ್ಬೇಕಿಲ್ಲ, ರಬ್ಬರ್ ಸಂದಿಲಿ ನುಗ್ಗಿದ್ದೆಲ್ಲ ಒಳಗೆ ಐಸೇ. ಒಂದು ಕಾಗದದ ಚೂರು ಮಧ್ಯ ಇಟ್ಟು ಬಾಗಿಲು ಹಾಕಿ ಎಳೀರಿ, ಸಲೀಸಾಗಿ ಬಂದ್ರೆ ಅಲ್ಲಿ ಹಿಡಿತ ಇಲ್ಲ. ಎಷ್ಟೋ ಸಲ ಕಪ್ಪು ಬೂಷ್ಟು, ಅಂಟು ಕೂತಿರತ್ತೆ ಅಷ್ಟೇ, ಸೋಪಿನ ಬೆಚ್ಚಗಿನ ನೀರಲ್ಲಿ ಒರೆಸಿದ್ರೆ ಸರಿಹೋಗತ್ತೆ.

ಪ್ರಶ್ನೆ: ನಮ್ಮನ್ಯಾಗ ಹಳೇ ಸಿಂಗಲ್ ಡೋರ್ ಫ್ರಿಜ್ ಐತ್ರಿ. ನಾಕೈದು ನಿಮಿಷಕ್ಕೊಮ್ಮೆ ಹಿಂದಿನಿಂದ ಟಕ್ ಅಂತೈತಿ, ಒಂದೀಟು ಗುಂಯ್ ಅಂದು ಮತ್ತ ಟಕ್ ಅಂತ ಬಂದ್ ಆಗ್ತೈತಿ. ಫ್ರೀಜರ್‌ನ್ಯಾಗ ಇಟ್ಟ ನೀರು ನೀರಾಗೇ ಉಳಿತೈತಿ. ಗ್ಯಾಸ್ ಖಾಲಿ ಆಗೈತಿ ಅಂತಾರ ಮಂದಿ, ಹೌದೇನ್ರಿ? – ಓದುಗರು, ಹಾವೇರಿ

ಉತ್ತರ: ಗ್ಯಾಸ್ ಅಲ್ಲ ಅನ್ಸತ್ತೆ ರೀ. ಗ್ಯಾಸ್ ಕಮ್ಮಿಯಾದ್ರೆ ಸಾಮಾನ್ಯವಾಗಿ ಕಂಪ್ರೆಸರ್ ನಿಲ್ಲದೇ ಓಡ್ತಾ ಇರತ್ತೆ, ತಂಪು ಮಾತ್ರ ಆಗಲ್ಲ. ನಿಮ್ಮದು ಸ್ಟಾರ್ಟ್ ಆಗೋಕೆ ಒದ್ದಾಡಿ ಸೋತು ನಿಲ್ತಿದೆ, ಆ ಟಕ್ ಅನ್ನೋದು ಓವರ್‌ಲೋಡ್ ಅನ್ನೋ ಸಣ್ಣ ಸ್ವಿಚ್ಚು, ಮೋಟರ್ ಸುಡದ ಹಾಗೆ ಕಾಪಾಡ್ತಿದೆ. ಹಾಗೇ ಬಿಡ್ಬೇಡಿ, ಮೊದಲು ಆಫ್ ಮಾಡಿ. ಆಮೇಲೆ ಎಲೆಕ್ಟ್ರಿಷಿಯನ್ ಕೈಲಿ ವೋಲ್ಟೇಜ್ ನೋಡಿಸಿ, 230 ಇರ್ಬೇಕಾದ ಕಡೆ 170ಕ್ಕೋ 160ಕ್ಕೋ ಇಳಿದಿದ್ರೆ ಹಳೇ ಕಂಪ್ರೆಸರ್ ಏಳೋದು ಕಷ್ಟ, ಸುತ್ತ ಪಂಪ್‌ಸೆಟ್ ಓಡೋ ಹೊತ್ತಲ್ಲಿ ಬೇರೆ ನೋಡಿಸಿ. ಅದೇ ಕಾರಣ ಆದ್ರೆ ಒಳ್ಳೇ ಸ್ಟೆಬಿಲೈಜರ್ ಹಾಕ್ಸಿ. ವೋಲ್ಟೇಜ್ ಸರಿ ಇದ್ರೆ ರಿಲೇ (ಕಂಪ್ರೆಸರನ್ನ ಸ್ಟಾರ್ಟ್ ಮಾಡಿಸೋ ಸಣ್ಣ ಭಾಗ) ಮತ್ತೆ ಓವರ್‌ಲೋಡ್ ಬದಲಾಯಿಸಿ ನೋಡೋಕೆ ಹೇಳಿ, ಕಂಪ್ರೆಸರ್ ಮುಂದೆ ಅದರ ಖರ್ಚು ಏನೂ ಅಲ್ಲ. ಅದಕ್ಕೂ ಬಗ್ಗದಿದ್ರೆ ಆಗ ಕಂಪ್ರೆಸರ್ ಮಾತು, ಹಳೇ ಫ್ರಿಜ್‌ಗೆ ಆ ದುಡ್ಡು ಸುರಿಯೋ ಬದಲು ಹೊಸದು ನೋಡೋದೇ ವಾಸಿ. ಇನ್ನೊಂದು, ಆಫ್ ಮಾಡಿದ್ಮೇಲೆ ಐದು ನಿಮಿಷ ಬಿಟ್ಟೇ ಆನ್ ಮಾಡ್ರಿ, ಒಳಗಿನ ಪ್ರೆಶರ್ ಇಳಿಯೋಕೆ ಟೈಮ್ ಬೇಕು.

ಪ್ರಶ್ನೆ: ಹೊಸ ಫ್ರಿಜ್ ತಂದ್ವಿ, ಫ್ರೀಜರ್‌ನಲ್ಲಿ ಆಗಾಗ ಚಟ್ ಅನ್ನತ್ತೆ, ಗುಳುಗುಳು ಅನ್ನತ್ತೆ, ಜೊತೆಗೆ ಇಡೀ ಫ್ರಿಜ್ಜೇ ನಡುಗಿದ ಹಾಗೆ ಕಟಕಟ ಅನ್ನತ್ತೆ. ವಾಪಸ್ ಕೊಡೋದಾ? – ಓದುಗರು, ಮೈಸೂರು

ಉತ್ತರ: ಚಟ್ ಅನ್ನೋದು ಪ್ಲಾಸ್ಟಿಕ್ ಕುಗ್ಗಿ ಹಿಗ್ಗೋ ಸದ್ದು, ಗುಳುಗುಳು ಪೈಪಲ್ಲಿ ಗ್ಯಾಸ್ ಹರಿಯೋದು, ಎರಡೂ ನಾರ್ಮಲ್. ಕಟಕಟಕ್ಕೆ ಮೊದಲು ಫ್ರಿಜ್ ಮೇಲೆ ಜೋಡಿಸಿರೋ ಸ್ಟೀಲ್ ಡಬ್ಬಿಗಳನ್ನ ಇಳಿಸಿ (ಇಟ್ಟಿರ್ತೀರ, ಗೊತ್ತು), ಆಮೇಲೆ ಕೆಳಗಿನ ಪ್ಲಾಸ್ಟಿಕ್ ಸ್ಟ್ಯಾಂಡಿನ ನಾಲ್ಕು ಕಾಲೂ ನೆಲಕ್ಕೆ ಕೂತಿದೆಯಾ, ಹಿಂದೆ ಗೋಡೆಗೆ ತಾಗ್ತಿದೆಯಾ ನೋಡಿ, ಗೋಡೆಯಿಂದ ನಾಲ್ಕು ಇಂಚಾದ್ರೂ ಮುಂದಕ್ಕೆ ಎಳೀರಿ. ಇಷ್ಟಾದ್ಮೇಲೂ ನಡುಗ್ತಿದ್ರೆ ವಾರಂಟಿ ಕಾರ್ಡ್ ಹಿಡ್ಕೊಂಡು ಕಂಪ್ಲೇಂಟ್ ಕೊಡಿ, ನೀವೇ ಬಿಚ್ಚೋಕೆ ಹೋಗ್ಬೇಡಿ.